ಐದು ಗುಂಡಿಯ ಅಂಗಿ

ಆಧಾರ್‌ನಲ್ಲಿ ವೆಂಕಟಚಲಪತಿ,
ಶಾಲೆಯ ಹಳೇ ಪಟ್ಟಿಯಲ್ಲಿ ವೆಂಕಟಾಚಲಪತಿ.
ಒಂದು ದೀರ್ಘಕ್ಕೆ ಮೂರು ಸಲ ವಾಪಸು.
ಶಿಡ್ಲಘಟ್ಟದ ನಾಡಕಚೇರಿಯ ಕಿಟಕಿಯಲ್ಲಿ
ಕಂಪ್ಯೂಟರಿನ ಹುಡುಗ ಬಿಡಿಸಿ ಹೇಳಿದ:
"ಅಚಲ ಅಂದ್ರೆ ಅಲ್ಲಾಡದ್ದು ಕಣಮ್ಮ,
ಚಲ ಅಂದ್ರೆ ಓಡಾಡೋದು.
ನಿಮ್ಮ ಮಗ ಯಾವುದು?"
ಗಾಲಿಕುರ್ಚಿಯಿಂದ ಮಗ
"ಎರಡೂ" ಅಂದು ನಕ್ಕ.
ಅವನ ಮಾತು ತಿಳಿಯುವುದು ನನಗೊಬ್ಬಳಿಗೆ.
ತರ್ಜುಮೆ ಮಾಡಲಿಲ್ಲ.

ಅರ್ಜಿ ತುಂಬಿದ್ದು ನಾನೇ.
ಬಾಂಡ್ಲಿಯ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕೀ ಹುಡುಕೀ
ಬೆರಳಿನ ಗೆರೆಗಳೆಲ್ಲ ಸವೆದಿವೆ,
ಹೆಬ್ಬೆಟ್ಟಿನ ಯಂತ್ರ ನನ್ನನ್ನು ಒಪ್ಪುವುದಿಲ್ಲ.
ಪೆನ್ನು ಒಪ್ಪುತ್ತದೆ.
ತಾನೇ ಉಣ್ಣುತ್ತಾರೆಯೇ? ಇಲ್ಲ.
ತಾನೇ ಸ್ನಾನ? ಇಲ್ಲ.
ತಾನೇ ಬಟ್ಟೆ? ಇಲ್ಲ, ಇಲ್ಲ.
ಇಪ್ಪತ್ತಾರು ವರ್ಷ ಮದುವೆ, ತಿಥಿ, ನಾಮಕರಣಗಳಲ್ಲಿ
"ಮಾಡ್ತಾನೆ, ಎಲ್ಲಾ ಮಾಡ್ತಾನೆ" ಎಂದ ಬಾಯಿ ಇದೇ.
ಪಕ್ಕದಲ್ಲೇ ಕೂತು ಓದುತ್ತಿದ್ದ.
"ಚಮಚ ಕೊಟ್ರೆ ಉಣ್ತೀನಲ್ಲ, ಅದನ್ನ ಬರಿ."
ಜಾಗ ಇಲ್ಲ ಮಗನೇ, ಅಂದೆ.
ಜಾಗ ಇತ್ತು.

ಎದುರು ಮನೆ ಪ್ಯಾರಿಜಾನ್ ಬುದ್ಧಿ ಹೇಳಿದಳು:
"ಎಪ್ಪತ್ತೈದು ದಾಟಬೇಕು ಅಕ್ಕ, ದಾಟಿದ್ರೇನೇ ಜಾಸ್ತಿ.
ಡಾಕ್ಟರ ಮುಂದೆ ಕೈ ಎತ್ತಬೇಡ ಅನ್ನು.
ನಮ್ಮ ತಮ್ಮ ಎತ್ತಿ ಕೆಟ್ಟ."
ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ:
ಸುಮ್ಮನೆ ಕೂತಿರು, ಕೇಳಿದರೂ ಸುಮ್ಮನೆ.
ತಲೆಯಾಡಿಸಿದ. ಜಾಣ.

ಜಿಲ್ಲಾಸ್ಪತ್ರೆ, ಮೂರೂವರೆ ಗಂಟೆಯ ಸಾಲು.
ಡಾಕ್ಟರು ಎದೆ ನೋಡಲು ಅಂಗಿ ಬಿಚ್ಚಿಸಿದರು.
ನೋಡಿ ಆಯಿತು. ಹಾಕಲು ಹೋದೆ.
ನನ್ನ ಕೈ ಸರಿಸಿದ.

ನಾಲ್ಕು ವರ್ಷ ಕಲಿಸಿದವಳು ನಾನೇ,
ಫಿಲೇಚರಿನಿಂದ ಬಂದು, ಹುಳುವಾಸನೆಯ ಕೈಯಲ್ಲಿ,
ಅವನ ಮಡಚಿದ ಹೆಬ್ಬೆರಳು ಬಿಡಿಸಿ ಬಿಡಿಸಿ:
ಇದು ಗುಂಡಿ, ಇದು ಕಾಜ, ತಳ್ಳು, ಎಳಿ.

ಒಂದು.
ಡಾಕ್ಟರು ಪೆನ್ನು ಕೆಳಗಿಟ್ಟರು.
ಎರಡು. ಜೊಲ್ಲು ಇಳಿಯಿತು, ನಾನು ಒರೆಸಲಿಲ್ಲ.
ಬಾಗಿಲ ಸಾಲೆಲ್ಲ ಕತ್ತು ಚಾಚಿತು.
ಮೂರು.
ಬೇಡ ಕಣೋ, ಅಂದಿತು ನನ್ನೊಳಗೆ ಒಂದು ಬಾಯಿ.
ಹಾಕು ಕಣೋ, ಅಂದಿತು ಇನ್ನೊಂದು.
ನಾಲ್ಕು.
ಐದನೆಯದಕ್ಕೆ ಕಾಜವೇ ಉಳಿಯಲಿಲ್ಲ,
ಮೊದಲನೆಯದೇ ಒಂದು ಕೆಳಗೆ ಬಿದ್ದಿತ್ತು.
ಅಂಗಿ ಸೊಟ್ಟ ನಿಂತಿತು, ಅವನು ನೆಟ್ಟಗೆ.
"ವೆರಿ ಗುಡ್" ಅಂದರು ಡಾಕ್ಟರು. ಒಳ್ಳೆಯವರು.
ಬರೆದರು: ಎಪ್ಪತ್ತೆರಡು.

ಆ ಮೂರು ನಂಬರು ಅಂದರೆ
ಗಾಲಿಕುರ್ಚಿಯ ಒಂದು ಟೈರು,
ಇಲ್ಲಾ ಬೆನ್ನಹುಣ್ಣಿನ ಮುಲಾಮು,
ಹಾಲಿನ ಲೆಕ್ಕದಲ್ಲಿ ಎಷ್ಟು ದಿನ ಅಂತ
ಬಸ್ಸಿನಲ್ಲಿ ಕೂತು ಎಣಿಸುತ್ತಿದ್ದೆ.
ಎಷ್ಟು ಬಂತು, ಕೇಳಿದ.
ಹೇಳಿದೆ.
ಮೂರನೇ ಕ್ಲಾಸಿಗೇ ಮನೆಗೆ ಕಳಿಸಿದ ಹುಡುಗ,
ಆಮೇಲೆ ಒಂದು ಪರೀಕ್ಷೆಯನ್ನೂ ಕಾಣದವನು,
ಕಂಡಕ್ಟರನ್ನು ಕರೆದು ಕೂಗಿದ: "ಫಸ್ಟ್ ಕ್ಲಾಸು!"
ಕಂಡಕ್ಟರಿಗೆ ತಿಳಿಯಲಿಲ್ಲ.
ಈ ಸಲ ತರ್ಜುಮೆ ಮಾಡಿದೆ.
ಅದು ಸಂತೋಷವೋ, ತಮಾಷೆಯೋ,
ನನಗೆ ಚುಚ್ಚಿದ್ದೋ,
ಇವತ್ತಿಗೂ ಗೊತ್ತಿಲ್ಲ.

ಮರುಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಅವನಿಗೆ ಹೇಳಿಲ್ಲ.
ಗುಂಡಿಯಿಲ್ಲದ ಟೀ ಶರ್ಟು ಹಾಕಿಸು ಈ ಸಲ,
ಅಂತ ಪ್ಯಾರಿಜಾನ್.
ತಂದೆ, ನೀಲಿಯದು, ಅವನಿಗೆ ಇಷ್ಟದ ಬಣ್ಣ.
ಬೀರುವಿನ ಮೇಲಿದೆ. ಕವರು ಬಿಚ್ಚಿಲ್ಲ.

ಬೆಳಗ್ಗೆ ನಾನೇಳುವ ಹೊತ್ತಿಗೆ ಅಂಗಿ ಹಿಡಿದು ಕೂತಿರುತ್ತಾನೆ.
ಫಿಲೇಚರಿನ ಸೈರನ್ ಕೂಗಿ ನಿಲ್ಲುತ್ತದೆ.
ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿರುತ್ತೇನೆ.
ಮೂರು, ಅನ್ನುತ್ತಾನೆ.